ದೋಣಿ ಹೆಂಗಸರಿಗೆ ಬುತ್ತಿ ಕಟ್ಟಿದ ಭಾನುಮತಿ

ನ್ಯೂಜಿಲೆಂಡಿನ ಅಪ್ಪರ್ ಹಟ್‌ನ ರಕ್ತ ಪರೀಕ್ಷಾ ಕೇಂದ್ರದಲ್ಲಿ ಭಾನುಮತಿಯ ಸರದಿಗಾಗಿಯೇ ಕಾದು ಕೂರುವವರಿದ್ದಾರೆ. ನರ ಸಿಗದ ಮುದುಕರು, ಸೂಜಿ ಕಂಡರೆ ಬೆವರುವ ದಪ್ಪ ತೋಳಿನ ಗಂಡಸರು, "ನಮಗೆ ಆ ಇಂಡಿಯನ್ ಹೆಂಗಸೇ ಬೇಕು" ಎಂದು ಕೇಳುವುದನ್ನು ನಾನೇ ಒಮ್ಮೆ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದ್ದೇನೆ. ಅವಳು ರಾಣೇಬೆನ್ನೂರಿನವಳು. ದಾವಣಗೆರೆಯ ನರ್ಸಿಂಗ್ ಹೋಮೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಳು. ಗಂಡ ಜಯಂತನಿಗೆ ವೆಲಿಂಗ್ಟನ್‌ನ ಸರಕಾರಿ ಇಲಾಖೆಯೊಂದರಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಾಗ ಮಗಳನ್ನು ಎತ್ತಿಕೊಂಡು ಇಲ್ಲಿಗೆ ಬಂದಳು. ಬಂದ ಮೇಲೆ ಕೋರ್ಸ್ ಮಾಡಿ ಈ ಕೆಲಸಕ್ಕೆ ಸೇರಿದಳು. ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಕೊಂಡರು. ಎಲ್ಲ ಒಂದು ಹಳಿಗೆ ಬಿದ್ದಂತೆ ಇತ್ತು.

ಇಲಾಖೆಗಳಲ್ಲಿ ಜನರನ್ನು ತೆಗೆಯಲು ಶುರು ಮಾಡಿದ ವರ್ಷ ಜಯಂತನ ಕೆಲಸ ಹೋಯಿತು. ತಿಂಗಳುಗಟ್ಟಲೆ ಅರ್ಜಿ ಹಾಕಿ ಸಾಕಾಗಿ ಕೊನೆಗೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಸಿಕ್ಕ ಕೆಲಸ ಹಿಡಿದು ಹೊರಟ. ಮಗಳು ಸಿಂಚನಾ ಅದೇ ವರ್ಷ ಓದಲು ಡನೀಡಿನ್‌ಗೆ ಹೋಗಿದ್ದಳು. ಮೂವರಿಗೆಂದು ಕೊಂಡ ಮನೆಯಲ್ಲಿ ಭಾನುಮತಿ ಒಬ್ಬಳೇ ಉಳಿದಳು.

ಒಬ್ಬಳಿಗೆ ಅಡುಗೆ ಮಾಡುವುದು ಅವಳಿಗೆ ಗೊತ್ತೇ ಇರಲಿಲ್ಲ. ಕುಕ್ಕರಿನಲ್ಲಿ ಒಂದು ಲೋಟ ಅಕ್ಕಿ ಇಟ್ಟರೂ ಮರುದಿನಕ್ಕೆ ಉಳಿಯುತ್ತಿತ್ತು. ಆಮೇಲಾಮೇಲೆ ಇಡುವುದನ್ನೇ ಬಿಟ್ಟಳು. ಕೆಲಸದಿಂದ ಬಂದವಳು ಎರಡು ಟೋಸ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು, ಸಿಂಕಿನ ಪಕ್ಕ ನಿಂತೇ ತಿಂದು ಮುಗಿಸುತ್ತಿದ್ದಳು. ಸಂಜೆ ಜಯಂತ ವಿಡಿಯೋದಲ್ಲಿ ಬರುತ್ತಿದ್ದ.

"ಏನ್ ಊಟಾ ಮಾಡಿದಿ ಭಾನು?"

"ರೊಟ್ಟಿ, ಬದ್ನಿಕಾಯಿ ಪಲ್ಯಾ ರೀ."

ಅವನು ತಲೆಯಾಡಿಸುತ್ತಿದ್ದ. ಅವನ ಹಿಂದೆ ಕಾಣುತ್ತಿದ್ದ ಗೋಡೆಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಅವನೂ ತನ್ನ ಊಟದ ಬಗ್ಗೆ ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಅನ್ನಿಸುತ್ತಿತ್ತು, ಕೇಳುತ್ತಿರಲಿಲ್ಲ.

ಕೇಂದ್ರದಲ್ಲಿ ಅವಳ ಜೊತೆ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದವಳು ಮೆರೆ ಎಂಬ, ಇಲ್ಲಿನ ಮೂಲನಿವಾಸಿ ಮಾವೊರಿ ಹೆಂಗಸು. ಅಗಲ ಭುಜ, ಗಟ್ಟಿ ದನಿ. ಒಂದು ಸೋಮವಾರ ಚಹಾ ಹೊತ್ತಿನಲ್ಲಿ ಮೆರೆ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಸೋಪಿನ ಬಿಲ್ಲೆಯಷ್ಟು ದೊಡ್ಡ ಅನ್ನದ ಇಟ್ಟಿಗೆಗಳು. ಒಂದೊಂದರ ಮೇಲೂ ಕಂದು ಬಣ್ಣಕ್ಕೆ ಹುರಿದ ಮಾಂಸದ ಹೋಳು, ಎರಡನ್ನೂ ಸೇರಿಸಿ ನಡುವಿಗೆ ಸುತ್ತಿದ ಕಪ್ಪು ಪಟ್ಟಿ.

"ಮುಸುಬಿ," ಎಂದಳು ಮೆರೆ. "ನಮ್ಮ ದೋಣಿ ಕ್ಲಬ್ಬಿನವರು ರೇಸಿಗೆಂದು ಹವಾಯಿಗೆ ಹೋಗಿದ್ದೆವಲ್ಲ, ಅಲ್ಲಿ ಪೆಟ್ರೋಲ್ ಬಂಕಿನಲ್ಲೂ ಇದನ್ನು ಮಾರುತ್ತಾರೆ. ಮೇಲಿರೋದು ಡಬ್ಬಿ ಮಾಂಸ, ಸುತ್ತಿರೋದು ಸಮುದ್ರದ ಪಾಚಿಯ ಹಾಳೆ. ತಿನ್ನು."

ಭಾನುಮತಿಯ ತವರಿನಲ್ಲಿ ಕುರಿ, ಕೋಳಿ, ಮೀನು ಎಲ್ಲ ನಡೆಯುತ್ತಿತ್ತು. ಹಂದಿ ಮಾತ್ರ ಇರಲಿಲ್ಲ. ಡಬ್ಬಿಯೊಳಗಿನ ಮಾಂಸ ಯಾವುದೆಂದು ಕೇಳಿದಳು. ಹಂದಿಯದೆಂದು ಮೆರೆ ಹೇಳಿದಳು. ಭಾನುಮತಿ ಒಂದನ್ನು ಎತ್ತಿಕೊಂಡು ಕಚ್ಚಿದಳು. ಬೇಡವೆನ್ನುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಯಾರೋ ಕೈಯಾರೆ ಮಾಡಿದ ಅನ್ನ ತಿಂದು ಬಹಳ ದಿನವಾಗಿತ್ತು. ಮೊದಲು ಪಾಚಿಯ ಕಡಲ ವಾಸನೆ, ಹಿಂದೆಯೇ ಸಪ್ಪೆ ಅನ್ನ, ಕೊನೆಗೆ ಉಪ್ಪು ಮತ್ತು ಸಿಹಿ ಕೂಡಿದ ಮಾಂಸ. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಾಗ ಮೆರೆ ಡಬ್ಬಿಯನ್ನೇ ಅವಳತ್ತ ತಳ್ಳಿದಳು.

ಆ ವಾರ ಅವಳು ತಾನೇ ಮಾಡಲು ಹೊರಟಳು. ಮನೆಯಲ್ಲಿದ್ದ ಸೋನಾ ಮಸೂರಿಯನ್ನೇ ಬೇಯಿಸಿದಳು. ಉದುರು ಉದುರಾಗಿ ಅನ್ನ ಮಾಡುವುದರಲ್ಲಿ ಅವಳ ಕೈ ಪಳಗಿತ್ತು, ಆ ಪಳಗಿದ ಕೈಯೇ ಇಲ್ಲಿ ಮುಳುವಾಯಿತು. ಒತ್ತಿ ಇಟ್ಟ ಅನ್ನ ಪಾಚಿ ಸುತ್ತುವಷ್ಟರಲ್ಲಿ ಕುಸಿದು ಬೀಳುತ್ತಿತ್ತು. ನೀರು ಹೆಚ್ಚಿಗೆ ಹಾಕಿ ಮತ್ತೆ ಬೇಯಿಸಿದರೆ ಅಂಬಲಿಯಾಯಿತು. ಮರುದಿನ ಮೆರೆಗೆ ಹೇಳಿದಾಗ ಅವಳು ನಕ್ಕು, "ಅಕ್ಕಿಯೇ ಬೇರೆ ಭಾನು. ಗಿಡ್ಡ ಕಾಳಿನ, ಅಂಟೋ ಅಕ್ಕಿ ಬೇಕು," ಎಂದಳು.

ಮುಂದಿನ ಶುಕ್ರವಾರ ಮೆರೆ ಅಚ್ಚು ಹಿಡಿದುಕೊಂಡು ಮನೆಗೇ ಬಂದಳು. ಪ್ಲಾಸ್ಟಿಕ್ಕಿನ ತಳವಿಲ್ಲದ ಸಣ್ಣ ಪೆಟ್ಟಿಗೆ, ಅದರೊಳಗೆ ಇಳಿಯುವ ಒಂದು ಒತ್ತುಮಣೆ, ಅಷ್ಟೇ. ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬೆಂದ ಮೇಲೆ ಮುಚ್ಚಳ ತೆಗೆಯದೆ ಸುಮ್ಮನೆ ಬಿಡಬೇಕು. ಮಾಂಸದ ಹೋಳುಗಳನ್ನು ಎಣ್ಣೆಯಿಲ್ಲದ ಕಾವಲಿಯಲ್ಲಿ ಅಂಚು ಗರಿಯಾಗುವಂತೆ ಹುರಿದು, ಸೋಯಾ ಸಾಸಿಗೆ ಸಕ್ಕರೆ ಕಲಸಿ ಮೇಲೆ ಸುರಿದರೆ ಅದು ಕುದ್ದು ಪಾಕದ ಹಾಗೆ ಹತ್ತಿಕೊಳ್ಳುತ್ತದೆ. ಪಾಚಿಯ ಪಟ್ಟಿಯ ಮೇಲೆ ಅಚ್ಚಿಟ್ಟು, ಬಿಸಿ ಅನ್ನ ತುಂಬಿ, ಕೈ ಒದ್ದೆ ಮಾಡಿಕೊಂಡು ಒತ್ತಬೇಕು. ಕಡಿಮೆ ಒತ್ತಿದರೆ ಒಡೆಯುತ್ತದೆ, ಅತಿಯಾಗಿ ಒತ್ತಿದರೆ ಅನ್ನ ಗೋಂದಾಗುತ್ತದೆ. ಅದರ ಮೇಲೆ ಮಾಂಸ. ಅಚ್ಚು ಎತ್ತಿ ಪಟ್ಟಿಯ ಎರಡು ತುದಿಗಳನ್ನು ಒಂದು ಹನಿ ನೀರಿನಿಂದ ಅಂಟಿಸಿದರೆ ಮುಗಿಯಿತು. ಎಷ್ಟು ಒತ್ತಬೇಕೆಂಬುದನ್ನು ಮೆರೆ ಬಾಯಲ್ಲಿ ಹೇಳಲಾರದೆ, ಭಾನುಮತಿಯ ಕೈ ಮೇಲೆ ತನ್ನ ಕೈಯಿಟ್ಟು ತೋರಿಸಿದಳು.

ಅಂದು ಸಂಜೆ ಇಬ್ಬರೂ ಮಾಡಿದ್ದು ಒಂದು ದೊಡ್ಡ ತಟ್ಟೆ ತುಂಬ ಆಯಿತು. "ಇದನ್ನೆಲ್ಲ ಯಾರು ತಿನ್ನೋದು?" ಎಂದು ಭಾನುಮತಿ ಕೇಳಿದ್ದಕ್ಕೆ ಮೆರೆ, "ನಾಳೆ ಬೆಳಿಗ್ಗೆ ನನ್ನ ಜೊತೆ ಬಾ, ತೋರಿಸ್ತೀನಿ," ಎಂದಳು.

ಮರುದಿನ ಹೇವರ್ಡ್ಸ್ ಗುಡ್ಡ ಹತ್ತಿಳಿದು ಪೊರಿರುವಾ ಕೊಲ್ಲಿಯ ದಡಕ್ಕೆ ಹೋದರು. ಅಲ್ಲಿ ಮೆರೆಯ ವಾಕಾ ಕ್ಲಬ್ಬು. ವಾಕಾ ಎಂದರೆ ಆರು ಜನ ಒಬ್ಬರ ಹಿಂದೊಬ್ಬರು ಕೂತು ಹುಟ್ಟು ಹಾಕುವ ಉದ್ದನೆಯ ಕಿರಿದಾದ ದೋಣಿ. ಮಗುಚದಿರಲೆಂದು ಪಕ್ಕದಲ್ಲಿ ಚಾಚಿದ ಒಂದು ತೇಲುವ ತೋಳು. ಮೆರೆಯ ತಂಡದ ಹೆಂಗಸರೆಲ್ಲ ಐವತ್ತು ದಾಟಿದವರು. ಒದ್ದೆ ಕಾಲಲ್ಲಿ ನಡುಗುತ್ತ ನೀರಿನಿಂದ ಬಂದವರೇ ಚಿಲ್ಲಿ ಬಿನ್ ಎಂಬ ತಂಪು ಪೆಟ್ಟಿಗೆಯ ಮುಚ್ಚಳ ತೆಗೆದರು. ಕೈ ಒರೆಸುವ ಗೋಜಿಲ್ಲ, ಚಮಚ ಬೇಕಿಲ್ಲ, ಒಂದು ಹನಿ ಸೋರುವುದಿಲ್ಲ. ಆ ತಿಂಡಿ ಇವರಿಗೆಂದೇ ಹುಟ್ಟಿದ ಹಾಗಿತ್ತು. ದಡದ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು ತಿನ್ನುತ್ತಿದ್ದ ಅವರನ್ನು ನೋಡುತ್ತ ಭಾನುಮತಿಗೆ ಹೊಟ್ಟೆ ತಣ್ಣಗಾಯಿತಂತೆ. ನನಗೆ ಹೇಳಿದ್ದು ಅದೇ ಮಾತು: "ಹೊಟ್ಟಿ ತಣ್ಣಗಾತು ನೋಡ್ರಿ, ನಾ ಒಂದೂ ತಿಂದಿರಲಿಲ್ಲ."

ದೋಣಿಯ ಹಿಂತುದಿಯಲ್ಲಿ ಕೂತು ದಿಕ್ಕು ಹಿಡಿಯುವವಳು ಗ್ವೆನ್. ಅಂಚೆ ಹಂಚುವ ಕೆಲಸದಿಂದ ನಿವೃತ್ತಳಾದ, ಬಿಳಿಕೂದಲಿನ, ಸಣ್ಣ ಮೈಕಟ್ಟಿನ ಹೆಂಗಸು. ಅವಳು ಮೊದಲ ದಿನವೇ ಕೇಳಿದ್ದಳು: "ಇದರಲ್ಲಿ ಏನೇನು ಹಾಕಿದ್ದೀಯ?" ಭಾನುಮತಿ ಹೇಳಿದಳು: ಅಕ್ಕಿ, ಮಾಂಸ, ಸೋಯಾ, ಸಕ್ಕರೆ, ಪಾಚಿ. "ಹಾಗಾದರೆ ಸರಿ," ಎಂದು ತಿಂದಳು. ಯಾಕೆ ಕೇಳಿದಳೆಂದು ಭಾನುಮತಿ ಯೋಚಿಸಲಿಲ್ಲ. ಇಷ್ಟಪಟ್ಟು ಕೇಳಿದಳೆಂದುಕೊಂಡಳು.

ಅಂದಿನಿಂದ ಶುಕ್ರವಾರ ಸಂಜೆ ಬುತ್ತಿ ಕಟ್ಟುವುದು, ಶನಿವಾರ ಬೆಳಿಗ್ಗೆ ದಡಕ್ಕೆ ಹೋಗುವುದು ಅವಳ ಪದ್ಧತಿಯಾಯಿತು. ದೋಣಿ ಹತ್ತು ಎಂದು ಅವರು ಕರೆದರೆ ಒಲ್ಲೆನೆನ್ನುತ್ತಿದ್ದಳು. ಅವಳಿಗೆ ಈಜು ಬಾರದು, ನೀರೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ದಡದ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು, ಅವರ ಜಾಕೆಟ್ಟುಗಳನ್ನೂ ಕಾರಿನ ಕೀಲಿಗಳನ್ನೂ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಸಿಂಚನಾ ಫೋನಿನಲ್ಲಿ, "ಅಮ್ಮಾ, ಯೂ ಸೌಂಡ್ ಹ್ಯಾಪಿ," ಎಂದಳು. "ಹಂಗೇನಿಲ್ಲವಾ," ಎಂದಳು ಇವಳು.

ಇಲ್ಲಿ ವಸಂತ ಬರುವ ಸೆಪ್ಟೆಂಬರಿನಲ್ಲಿ ಜಯಂತ ಒಂದು ವಾರಕ್ಕೆ ಬರುವುದೆಂದು ಗೊತ್ತಾಯಿತು. ಭಾನುಮತಿ ಹಬ್ಬದ ತಯಾರಿ ನಡೆಸಿದಳು. ಗರಿಗರಿಯಾದ ಕಟಕ ರೊಟ್ಟಿ ತಟ್ಟಿದಳು. ಅವನಿಗೆ ಪ್ರಾಣವಾದ ಶೇಂಗಾ ಹಿಂಡಿಯನ್ನು, ಶೇಂಗಾ ಹದವಾಗಿ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿ ಭರಣಿ ತುಂಬಿಟ್ಟಳು. ಹೊರಡುವ ಮುನ್ನಾದಿನ ಅವನ ಫೋನು ಬಂತು.

"ಈ ವಾರ ಆಗೂದಿಲ್ಲ ಭಾನು. ಆಫೀಸಿನ್ಯಾಗ ಭಾಳ ಕೆಲಸ ಐತಿ. ಹೊಸಾ ಮನಿಶಾ ನಾ, ರಜಾ ಕೇಳಾಕ ಆಗವಲ್ದು."

"ಆತು ಬಿಡ್ರಿ," ಎಂದಳು.

ಅದು ಶುಕ್ರವಾರ. ಅನ್ನ ಬೆಂದು ಕಾಯುತ್ತಿತ್ತು. ತಿನ್ನುವವರಿಲ್ಲದ ಹಿಂಡಿಯ ಭರಣಿ ಕಣ್ಣೆದುರಿಗಿತ್ತು. ದೋಣಿಯ ಹೆಂಗಸರಾದರೂ ನಮ್ಮೂರ ರುಚಿ ನೋಡಲಿ ಎಂದು ಒಂದೊಂದು ಅನ್ನದ ಇಟ್ಟಿಗೆಯ ಮೇಲೂ ತೆಳ್ಳಗೆ ಹಿಂಡಿ ಉದುರಿಸಿ, ಅದರ ಮೇಲೆ ಮಾಂಸವಿಟ್ಟು ಸುತ್ತಿದಳು. ಹೊರಗಿನಿಂದ ನೋಡಿದರೆ ಎಂದಿನ ಮುಸುಬಿಯೇ.

ಶನಿವಾರ ಅವಳು ಯಾರಿಗೂ ಹೇಳಲಿಲ್ಲ. ತಿಂದ ಮೇಲೆ ಅವರೇ ಕೇಳಲಿ ಎಂದು ಕಾದಳು. ಮೆರೆ ಬಾಯಿ ತುಂಬಿಕೊಂಡೇ ಹೆಬ್ಬೆರಳು ಎತ್ತಿದಳು. ಗ್ವೆನ್ ಎರಡನೆಯ ಸಲ ಕಚ್ಚಿದವಳು ಅಗಿಯುವುದನ್ನು ನಿಲ್ಲಿಸಿದಳು.

"ಇದರಲ್ಲಿ ಕಡಲೆಕಾಯಿ ಇದೆಯೇ?"

ಭಾನುಮತಿ ನಗುತ್ತ ಹೌದೆಂದಳು. ಆ ನಗು ಮುಖದ ಮೇಲಿರುವಾಗಲೇ ಗ್ವೆನ್ ಉಗುಳಿದಳು, ಮೆರೆಯ ತೋಳು ಹಿಡಿದುಕೊಂಡಳು. ತುಟಿ ಊದತೊಡಗಿತು. ಕುತ್ತಿಗೆಯ ಮೇಲೆ ಕೆಂಪು ಗಂಧೆಗಳು ಎದ್ದವು. ಉಸಿರು ಸಿಳ್ಳೆಯ ಹಾಗೆ ಕೇಳಿಸಿತು. ಗ್ವೆನ್‌ಳ ಕಡಲೆಕಾಯಿ ಅಲರ್ಜಿಗೆ ಚುಚ್ಚುವ ಇಂಜೆಕ್ಷನ್ ಪೆನ್ನು ಕಾರಿನಲ್ಲಿದ್ದ ಚೀಲದಲ್ಲಿತ್ತು. ಕೀಲಿ ಭಾನುಮತಿಯ ಮಡಿಲಲ್ಲಿತ್ತು. ಅವಳು ಓಡಿ ತಂದಳು. ದಿನವಿಡೀ ಸೂಜಿ ಹಿಡಿಯುವವಳು ಅಂದು ಪೆನ್ನನ್ನು ಮೆರೆಗೆ ಕೊಟ್ಟುಬಿಟ್ಟಳು, ತೊಡೆಗೆ ಒತ್ತಿದವಳು ಮೆರೆ. ಆಂಬ್ಯುಲೆನ್ಸು ಬರುವಷ್ಟರಲ್ಲಿ ಉಸಿರು ಸ್ವಲ್ಪ ಸಡಿಲವಾಗಿತ್ತು. ಆದರೂ ಆಸ್ಪತ್ರೆಯಲ್ಲಿ ರಾತ್ರಿ ಇಟ್ಟುಕೊಂಡರು.

ಭಾನುಮತಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು. ಟ್ಯೂಬಿನ ಮೇಲೆ ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಹಿಂದಕ್ಕೆ ಕಳಿಸುವವಳು ತಾನು, ಒಳಗಿರುವುದು ಏನೆಂದು ಹೇಳದೆ ಒಬ್ಬಳ ಬಾಯಿಗೆ ಕೊಟ್ಟಿದ್ದಳು. ಉಳಿದ ಮುಸುಬಿಗಳನ್ನು ಕಸದ ತೊಟ್ಟಿಗೆ ಸುರಿದು ಮನೆಗೆ ಬಂದಳು.

ಸಂಜೆ ವಿಷಯ ಕೇಳಿ ಜಯಂತನಿಗೆ ಗಾಬರಿಯಾಯಿತು. "ನಮಗ್ಯಾಕ ಬೇಕಾಗಿತ್ತು ಇದೆಲ್ಲಾ? ಅವರೇನರ ಕಂಪ್ಲೇಂಟ್ ಕೊಟ್ರ ನಿನ್ನ ಕೆಲಸಕ್ಕ ಕುತ್ತ ಬರ್ತೈತಿ. ಸುಮ್ನ ಇದ್ದುಬಿಡು, ಆ ಕಡೆ ಹೋಗಬ್ಯಾಡ."

"ಕಂಪ್ಲೇಂಟಿನ ಚಿಂತಿ ಅಲ್ರಿ ನನಗ. ಆಕಿ ಉಸರಿಗೆ ಒದ್ದಾಡಿದ್ದು ಕಣ್ಣ ಮುಂದಿಂದ ಹೋಗವಲ್ದು."

ಅವನು ಮೆಲ್ಲಗೆ, "ನಾ ಬಂದಿದ್ರ ಇದಾಗ್ತಿರಲಿಲ್ಲ," ಎಂದ.

ಸಿಂಚನಾ, "ಜಸ್ಟ್ ಗೋ ಅಂಡ್ ಸೀ ಹರ್, ಅಮ್ಮಾ," ಎಂದಳು. ಒಂದು ಭಾನುವಾರ ಭಾನುಮತಿ ಹೂ ಕೊಂಡು ಗ್ವೆನ್‌ಳ ಮನೆಯವರೆಗೂ ಹೋದಳು. ಕಾರಿನಿಂದ ಇಳಿಯಲಾಗಲಿಲ್ಲ. ಹೂ ಅವಳದೇ ಮನೆಯಲ್ಲಿ ಬಾಡಿದವು. ಶನಿವಾರಗಳಲ್ಲಿ ಅವಳು ಪರದೆ ಸರಿಸದೆ ಮನೆಯಲ್ಲೇ ಇರತೊಡಗಿದಳು. ಮೆರೆ ಕೇಂದ್ರದಲ್ಲಿ ಎಂದಿನಂತೆಯೇ ಇದ್ದಳು, ಒತ್ತಾಯ ಮಾಡಲಿಲ್ಲ. "ಬಂದಾಗ ಬಾ," ಎಂದಷ್ಟೇ ಹೇಳಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಕಾಯುವ ಕೋಣೆಯಲ್ಲಿ ಮುಂದಿನ ಹೆಸರು ಕರೆಯಲು ಕಾಗದ ಎತ್ತಿಕೊಂಡರೆ, ಗ್ವೆನ್‌ಳ ಹೆಸರು. ಅಲರ್ಜಿ ಡಾಕ್ಟರು ಬರೆದುಕೊಟ್ಟ ಪರೀಕ್ಷೆ. ಮೆರೆ ಅಂದು ರಜೆಯಲ್ಲಿದ್ದಳು. ಬೇರೆ ದಾರಿಯಿರಲಿಲ್ಲ. ಭಾನುಮತಿ ಕರೆದಳು. ಗ್ವೆನ್ ಬಂದು ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಚಿ, ಕೈ ಚಾಚಿದಳು.

"ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ ಹೇಳಿ," ಎಂದಳು ಭಾನುಮತಿ.

"ನನ್ನ ಹೆಸರು ನಿನಗೆ ಗೊತ್ತಿಲ್ಲವೇ?"

"ಗೊತ್ತು. ಆದರೂ ನೀವೇ ಹೇಳಬೇಕು."

ಗ್ವೆನ್ ಹೇಳಿದಳು. ಭಾನುಮತಿ ಪಟ್ಟಿ ಬಿಗಿದು, ನರ ಹುಡುಕಿ, ಸೂಜಿ ಇಳಿಸಿದಳು. ಟ್ಯೂಬು ತುಂಬುತ್ತಿರುವಾಗ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ನಾನು ನಿಮ್ಮ ಮನೆಯ ತನಕ ಬಂದಿದ್ದೆ," ಎಂದಳು. "ಇಳಿಯಲಾಗಲಿಲ್ಲ. ನನ್ನನ್ನು ಕ್ಷಮಿಸಿ. ಹೇಳದೆ ಹಾಕಬಾರದಿತ್ತು."

"ಹೇಳಬೇಕಿತ್ತು," ಎಂದಳು ಗ್ವೆನ್. ಅವಳು ಅದನ್ನು ತೇಲಿಸಿ ಬಿಡಲಿಲ್ಲ. "ನನಗೆ ತುಂಬ ಭಯವಾಯಿತು. ಈಗಲೂ ಹೊರಗೆ ಏನು ತಿನ್ನಬೇಕಾದರೂ ಭಯ. ಆದರೆ ನಾನೂ ಅವತ್ತು ಕೇಳಲಿಲ್ಲ. ನಿನ್ನ ಕೈಯಡುಗೆ ತಿಂದು ತಿಂದು ಕೇಳುವುದನ್ನೇ ಮರೆತಿದ್ದೆ." ಮತ್ತೆ, "ನೀನು ಬರುವುದು ಬಿಟ್ಟ ಮೇಲೆ ಎಲ್ಲರೂ ಬಾಳೆಹಣ್ಣು ತಿನ್ನುತ್ತಿದ್ದಾರೆ. ಯಾರ ಮುಖದಲ್ಲೂ ಕಳೆಯಿಲ್ಲ," ಎಂದಳು.

ಭಾನುಮತಿ ಹತ್ತಿ ಒತ್ತಿ ಹಿಡಿದಳು. ಗ್ವೆನ್ ತನ್ನ ಇನ್ನೊಂದು ಕೈಯನ್ನು ಅವಳ ಕೈ ಮೇಲಿಟ್ಟಳು. "ಶುಕ್ರವಾರ ನಿನ್ನ ಮನೆಗೆ ಬರುತ್ತೇನೆ. ಪಕ್ಕದಲ್ಲಿ ನಿಂತು ನೋಡುತ್ತೇನೆ. ಆಗ ತಿನ್ನಲು ಧೈರ್ಯ ಬಂದರೂ ಬರಬಹುದು."

ಗುರುವಾರ ಸಂಜೆ ಭಾನುಮತಿ ಅಡುಗೆಮನೆ ತೊಳೆಯಲು ನಿಂತಳು. ಒಂದೊಂದೇ ಡಬ್ಬಿ ತೆಗೆದು ನೋಡಿದಳು. ಹಸಿ ಶೇಂಗಾ, ಹುರಿದ ಶೇಂಗಾ, ಪಲ್ಯಕ್ಕೆ ಹಾಕುವ ಪುಡಿ, ಶೇಂಗಾ ಎಣ್ಣೆ, ಊರಿನಿಂದ ಬಂದ ಉಂಡಿ. ಮಿಕ್ಸಿಯ ಬ್ಲೇಡಿನ ಸಂದಿಯಲ್ಲೂ ಅದರದೇ ಜಿಡ್ಡು. ಉತ್ತರ ಕರ್ನಾಟಕದ ಅಡುಗೆಮನೆಯಿಂದ ಶೇಂಗಾ ತೆಗೆಯುವುದೆಂದರೆ ಗೋಡೆಯನ್ನೇ ತೆಗೆದಂತೆ. ಎಷ್ಟು ಉಜ್ಜಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಗ್ವೆನ್‌ಗೆ ಫೋನು ಮಾಡಿ, "ನನ್ನ ಮನೆ ಬೇಡ. ನಾನೇ ನಿಮ್ಮಲ್ಲಿಗೆ ಬರುತ್ತೇನೆ," ಎಂದಳು.

ಶುಕ್ರವಾರ ದಾರಿಯಲ್ಲಿ ಹೊಸ ಅಕ್ಕಿ, ಮಾಂಸದ ಹೊಸ ಡಬ್ಬಿಗಳು, ಹೊಸ ಪಾಚಿ ಕೊಂಡಳು. ಅಚ್ಚನ್ನೂ ಮನೆಯಲ್ಲೇ ಬಿಟ್ಟಿದ್ದಳು. ಅದಕ್ಕೆ ಗ್ವೆನ್ ಒಂದು ಉಪಾಯ ಹೂಡಿದಳು. ಖಾಲಿಯಾದ ಮಾಂಸದ ಡಬ್ಬಿಯ ಹರಿತ ಅಂಚನ್ನು ಬಗ್ಗಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರಲ್ಲೇ ಅನ್ನ ಒತ್ತಿ ಬೋರಲು ಹಾಕಿದಳು. ಅನ್ನ ಮಾಂಸದ ಹೋಳಿನ ಅಳತೆಗೆ ಸರಿಯಾಗಿ ಬಂತು. ಗ್ವೆನ್‌ಳ ಅಡುಗೆಮನೆ ಇಕ್ಕಟ್ಟಾಗಿತ್ತು. ಅವಳ ಮುದಿ ನಾಯಿ ಮಾಂಸ ಹುರಿಯುವ ವಾಸನೆಗೆ ಎದ್ದು ಬಂದು ಇಬ್ಬರ ಕಾಲ ನಡುವೆ ಮಲಗಿತು. ಮೊದಲ ಮುಸುಬಿಯನ್ನು ಭಾನುಮತಿ ತಟ್ಟೆಯಲ್ಲಿಟ್ಟು ಹಿಂದೆ ಸರಿದಳು. ಗ್ವೆನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂಲೆಯಿಂದ ಒಂದು ಚೂರು ಕಚ್ಚಿ, ಮೇಜಿನ ಮೇಲೆ ಇಂಜೆಕ್ಷನ್ ಪೆನ್ನು ಇಟ್ಟುಕೊಂಡು ಕೂತಳು. ಇಬ್ಬರೂ ಗಡಿಯಾರ ನೋಡುತ್ತ ಕಾದರು. ಏನೂ ಆಗಲಿಲ್ಲ. ಗ್ವೆನ್ ಪೂರ್ತಿ ತಿಂದಳು.

ಅಂದಿನಿಂದ ಬುತ್ತಿ ಕಟ್ಟುವುದು ಗ್ವೆನ್‌ಳ ಮನೆಯಲ್ಲೇ. ಭಾನುಮತಿ ಕೆಲಸ ಮುಗಿಸಿ ಅಲ್ಲಿಗೆ ಹೋಗುತ್ತಾಳೆ, ಕೈ ತೊಳೆದು, ಗ್ವೆನ್ ಕೊಡುವ ಏಪ್ರನ್ನು ಕಟ್ಟಿಕೊಳ್ಳುತ್ತಾಳೆ. ರಾತ್ರಿಯ ಊಟವೂ ಅಲ್ಲೇ ಆಗುತ್ತದೆ, ಬೇಯಿಸಿದ ಆಲೂಗಡ್ಡೆ, ಬಟಾಣಿ, ಉಪ್ಪಿಲ್ಲದ ಕುರಿಮಾಂಸ. "ನಿಮ್ಮ ಮನಿ ಅಡಿಗಿಗಿಂತ ಆಸ್ಪತ್ರಿ ಊಟ ಚಲೋ," ಎಂದು ಕನ್ನಡದಲ್ಲಿ ಹೇಳಿ ನಗುತ್ತಾಳಂತೆ. ಅವಳು ಹೇಳಿದ್ದೇನೆಂದು ಗ್ವೆನ್ ಹೇಗೋ ಊಹಿಸುತ್ತಾಳೆ.

ಡಿಸೆಂಬರಿನಲ್ಲಿ, ಇಲ್ಲಿನ ಬೇಸಿಗೆಯ ಆರಂಭದಲ್ಲಿ, ಒಂದು ಬೆಳಿಗ್ಗೆ ತಂಡದಲ್ಲಿ ಒಬ್ಬಳು ಬರಲಿಲ್ಲ. ಕೊಲ್ಲಿ ಕನ್ನಡಿಯಂತೆ ನಿಂತಿತ್ತು. ಈ ಸಲ ಯಾರೂ ಕರೆಯಲಿಲ್ಲ. ಭಾನುಮತಿಯೇ ಕುರ್ಚಿಯಿಂದ ಎದ್ದು ಲೈಫ್ ಜಾಕೆಟ್ ಕೇಳಿದಳು. ನಾಲ್ಕನೆಯ ಸೀಟಿನಲ್ಲಿ ಕೂರಿಸಿದರು. ಮುಂದೆ ಮೆರೆ, ಹಿಂತುದಿಯಲ್ಲಿ ಗ್ವೆನ್. "ನೀರು ನೋಡಬೇಡ, ಮುಂದಿನವಳ ಬೆನ್ನು ನೋಡು," ಎಂದು ಗ್ವೆನ್ ಕೂಗಿದಳು. ದಡ ಹಿಂದಕ್ಕೆ ಸರಿಯತೊಡಗಿದಾಗ ಭಾನುಮತಿ ಕಣ್ಣು ಮುಚ್ಚಿಕೊಂಡಳು, ಅವಳ ಹುಟ್ಟು ಮೆರೆಯ ಹುಟ್ಟಿಗೆ ತಾಗಿ ಎಲ್ಲರ ತಾಳ ತಪ್ಪಿತು. ಕಣ್ಣು ತೆರೆದು ಮೆರೆಯ ಅಗಲವಾದ ಬೆನ್ನನ್ನೇ ನೋಡುತ್ತ ಹೋಗಿ ಬಂದಳು. ಇಳಿದ ಮೇಲೆ ತೋಳು ಎತ್ತಲಾಗದೆ ಮುಸುಬಿಯನ್ನು ಮೆರೆಯೇ ಅವಳ ಬಾಯಿಗಿಟ್ಟಳು. ಈಗಲೂ ಅವಳು ನಿಧಾನ, ರೇಸಿಗೆ ಸೇರಿಸಿಕೊಳ್ಳುವಷ್ಟು ಕಸುವಿಲ್ಲ. ಆದರೆ ಹತ್ತುವುದನ್ನು ಬಿಟ್ಟಿಲ್ಲ.

ಜನವರಿಯ ರೇಸಿನ ಹೊತ್ತಿಗೆ ಜಯಂತ ಬಂದ. ಚಿಲ್ಲಿ ಬಿನ್ನನ್ನು ಕಾರಿನಿಂದ ಇಳಿಸಿ ದಡಕ್ಕೆ ಹೊತ್ತವನು ಅವನೇ. ಹೆಂಗಸರೆಲ್ಲ ಬಂದು ಕೈ ಕುಲುಕಿದರು. ಗ್ವೆನ್ ಅವನನ್ನು ಮೇಲಿಂದ ಕೆಳಗೆ ನೋಡಿ, "ಓ, ಬರದೆ ಇದ್ದವನು ನೀನೇನಾ?" ಎಂದಳು. ಅವನು ತಲೆ ತಗ್ಗಿಸಿ ನಕ್ಕ. ತಂಡ ಕೊನೆಯವರಿಗಿಂತ ಒಂದೇ ದೋಣಿ ಮುಂದೆ ಮುಗಿಸಿತು. ಅದಕ್ಕೇ ದಡದಲ್ಲಿ ಅಷ್ಟು ಗದ್ದಲ ಎದ್ದುದು ಕಂಡು ಜಯಂತನಿಗೆ ಆಶ್ಚರ್ಯ.

ಒಳಗಿರುವುದು ಹಂದಿಯ ಮಾಂಸವೆಂದು ಭಾನುಮತಿ ಮೊದಲೇ ಹೇಳಿದ್ದಳು, ಅವನು ಬೇಡವೆನ್ನಲಿಲ್ಲ. ಮುಸುಬಿ ತಿನ್ನುತ್ತ ಅವನು ಪಾಚಿಯ ಪಟ್ಟಿಯನ್ನು ಬಿಚ್ಚಿ ಬದಿಗಿಟ್ಟ. "ಅನ್ನಾ ಚಲೋ ಆಗೈತಿ. ಈ ಪಾಚಿ ಒಂದು ಯಾಕ?"

"ಕೈಗೆ ಅಂಟಬಾರ್ದಂತ ರೀ."

ಸ್ವಲ್ಪ ಹೊತ್ತಾದ ಮೇಲೆ, ಬಹುಶಃ ಅದನ್ನೇ ಹೇಳಲು ಬಂದಿದ್ದನೋ ಏನೋ, "ಬ್ರಿಸ್ಬೇನಿನ್ಯಾಗೂ ನದಿ ಐತಿ ಭಾನು. ಇಂಥಾ ದೋಣಿ ಅಲ್ಲೂ ಇರ್ತಾವ. ನಿನ್ನ ಕೆಲಸಾನೂ ಸಿಗತೈತಿ," ಎಂದ.

"ದೋಣಿ ಇರ್ತಾವ್ರಿ. ಈ ಮಂದಿ ಇರೂದಿಲ್ಲ." ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ. "ಸಿಂಚನಾಂದು ಓದು ಮುಗೀಲಿ. ಅಲ್ಲಿ ಮಟಾ ನೀವು ಬರ್ರಿ, ನಾ ಬರ್ತೀನಿ. ಆಮ್ಯಾಲೆ ನೋಡೂಣು."

ಅವನು ಒಪ್ಪಿದನೋ ಇಲ್ಲವೋ ಅವಳಿಗೆ ಆಗ ತಿಳಿಯಲಿಲ್ಲ. ಆದರೆ ಅಂದಿನಿಂದ ಎರಡು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದಾನೆ.

ಆ ಸಲ ಅವನು ಹೊರಡುವಾಗ ಗ್ವೆನ್ ಮುಸುಬಿಯ ಒಂದು ಪೊಟ್ಟಣ ಕೊಟ್ಟು ಕಳಿಸಿದ್ದಳು. ವಿಮಾನ ನಿಲ್ದಾಣದಲ್ಲಿ ಭಾನುಮತಿಗೆ ನೆನಪಾಯಿತು, ಆಸ್ಟ್ರೇಲಿಯಾದವರು ಮಾಂಸ ಒಳಗೆ ಬಿಡುವುದಿಲ್ಲ. ಇಬ್ಬರೂ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಪೊಟ್ಟಣ ಬಿಚ್ಚಿ ಹಂಚಿಕೊಂಡು ತಿಂದರು. ತಡವಾಗಿತ್ತು. ಜಯಂತ ಪಾಚಿ ಬಿಚ್ಚುವ ಗೋಜಿಗೆ ಹೋಗದೆ ಹಾಗೆಯೇ ನುಂಗಿ, ಬಾಯಿ ಒರೆಸಿಕೊಂಡು ಒಳಗೆ ಹೋದ.